ಕಸದ ನೆಲದಲ್ಲಿ ಲೋಹಶೋಧಕ

ಭೂಮಿಯಲ್ಲಿ ಹುದುಗಿರುವ ಲೋಹವನ್ನು ಅಗೆಯದೆಯೇ ಪತ್ತೆಹಚ್ಚುವ ಉಪಕರಣಕ್ಕೆ ಲೋಹಶೋಧಕವೆಂದು ಹೆಸರು. ಶುದ್ಧವಾದ ಮರಳಿನಲ್ಲಿ ಒಂದೇ ಒಂದು ನಾಣ್ಯ ಬಿದ್ದಿದ್ದರೆ ಅದನ್ನು ಕಂಡುಹಿಡಿಯುವುದು ಈ ಉಪಕರಣಕ್ಕೆ ಮಕ್ಕಳಾಟದ ಕೆಲಸ. ಆದರೆ ಮನುಷ್ಯರು ಬಾಳಿ ಬದುಕಿದ ನೆಲ ಅಷ್ಟು ಶುದ್ಧವಾಗಿರುವುದಿಲ್ಲ. ಅಲ್ಲಿ ತುಕ್ಕು ಹಿಡಿದ ಮೊಳೆಗಳು, ತಗಡಿನ ಚೂರುಗಳು, ಸೀಸೆಯ ಮುಚ್ಚಳಗಳು, ಅಲ್ಯೂಮಿನಿಯಮ್ ಹಾಳೆಯ ತುಣುಕುಗಳು ತುಂಬಿರುತ್ತವೆ. ಸ್ಕಾಟ್ಲೆಂಡಿನ ಇಂಚ್‌ಟುತಿಲ್ ಎಂಬಲ್ಲಿ ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಸೇನಾಠಾಣ್ಯವೊಂದಿದೆ. 1952ರಿಂದ 1965ರ ವರೆಗೆ ಅಲ್ಲಿ ನಡೆದ ಉತ್ಖನನದಲ್ಲಿ, ಒಂದೇ ಹಳ್ಳದೊಳಗೆ ಹೂತಿಟ್ಟಿದ್ದ 8 ಲಕ್ಷಕ್ಕೂ ಹೆಚ್ಚಿನ ಕಬ್ಬಿಣದ ಮೊಳೆಗಳು ದೊರೆತವು. ಒಂದು ಠಾಣ್ಯದ ಉಗ್ರಾಣದಲ್ಲಿಯೇ ಇಷ್ಟು ಮೊಳೆಗಳಿದ್ದರೆ, ಆ ಕಾಲದ ಮರದ ಕಟ್ಟಡಗಳು ಕೊಳೆತು ಬಿದ್ದ ಹೊಲಗಳಲ್ಲಿ ಎಷ್ಟು ಚದರಿರಬೇಕೆಂಬುದನ್ನು ಊಹಿಸಬಹುದು.

ಇಂಥ ನೆಲದ ಮೇಲೆ ಲೋಹಶೋಧಕವನ್ನು ಆಡಿಸಿದರೆ ಅದು ಹೆಜ್ಜೆಹೆಜ್ಜೆಗೂ ಕೂಗಿಕೊಳ್ಳುತ್ತದೆ. ಆಗ ಯಾರಿಗೇ ಆಗಲಿ ಮೊದಲು ತೋರುವ ಉಪಾಯವೆಂದರೆ ಗುಂಡಿಯೊಂದನ್ನು ತಿರುಗಿಸಿ ಕಸದ ಕೂಗನ್ನು ಅಡಗಿಸಿಬಿಡುವುದು. ಈ ಉಪಾಯ ಎಷ್ಟರ ಮಟ್ಟಿಗೆ ಸರಿ? ಕೂಗು ಅಡಗಿದಾಗ ಅದರೊಡನೆ ಬೇರೇನೂ ಅಡಗುವುದಿಲ್ಲವೆ? ಈ ಪ್ರಶ್ನೆಯನ್ನು ಭೌತವಿಜ್ಞಾನದ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅಧ್ಯಕ್ಷರ ಹಾಸಿಗೆ

ಕಸದ ನೆಲದ ಸಮಸ್ಯೆ ಲೋಹಶೋಧಕದಷ್ಟೇ ಹಳೆಯದು. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡರಿಗೆ ಗುಂಡೇಟು ತಗಲಿತು. ದೇಹದೊಳಗೆ ಉಳಿದ ಸೀಸದ ಗುಂಡು ಎಲ್ಲಿದೆಯೆಂದು ವೈದ್ಯರಿಗೆ ತಿಳಿಯಲಿಲ್ಲ. ಎಕ್ಸ್-ಕಿರಣಗಳು ಆಗ ಇನ್ನೂ ಪತ್ತೆಯಾಗಿರಲಿಲ್ಲ. ಅವು ಬಂದದ್ದು 1895ರಲ್ಲಿ. ದೂರವಾಣಿಯನ್ನು ನಿರ್ಮಿಸಿ ಪ್ರಖ್ಯಾತರಾಗಿದ್ದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರು ಪ್ರೇರಣ ತುಲಾಯಂತ್ರವೆಂಬ ಸಾಧನವನ್ನು ಈ ಕೆಲಸಕ್ಕೆ ಅಳವಡಿಸಿದರು. ಹಿಂದಿನ ಯುದ್ಧದಲ್ಲಿ ಗುಂಡು ತಗಲಿ ಅದು ಮೈಯಲ್ಲೇ ಉಳಿದಿದ್ದ ಸೈನಿಕನೊಬ್ಬನ ಮೇಲೆ ಅದನ್ನು ಪರೀಕ್ಷಿಸಿದಾಗ ಯಂತ್ರ ಚೆನ್ನಾಗಿಯೇ ನಡೆಯಿತು.

ಆದರೆ ಜುಲೈ 26ರಂದೂ ಆಗಸ್ಟ್ 1ರಂದೂ ಅಧ್ಯಕ್ಷರ ಬಳಿ ಮಾಡಿದ ಪ್ರಯತ್ನಗಳು ಫಲಿಸಲಿಲ್ಲ. ಎರಡನೆಯ ಸಲವಂತೂ ಗುಂಡಿನ ನೆಲೆಯನ್ನು ತೋರಬೇಕಾದ ಧ್ವನಿ ದೇಹದ ವಿಶಾಲವಾದ ಭಾಗದಲ್ಲೆಲ್ಲಾ ಕೇಳಿಬಂದಿತು. ಅವರು ಮಲಗಿದ್ದ ಹಾಸಿಗೆಯ ಅಡಿಯಲ್ಲಿ ಉಕ್ಕಿನ ತಂತಿಗಳಿಂದ ಮಾಡಿದ ಇನ್ನೊಂದು ಹಾಸಿಗೆ ಇದ್ದಿತೆಂಬುದು ಅನಂತರ ಬೆಲ್ ಅವರಿಗೆ ತಿಳಿಯಿತು. ಸೋಲಿಗೆ ಬೇರೆ ಕಾರಣಗಳೂ ಇದ್ದವು. ವೈದ್ಯರು ಗುಂಡು ಬಲಗಡೆ ಇದೆಯೆಂದು ನಂಬಿ ಅಲ್ಲಿಯೇ ಹುಡುಕಿಸಿದರು. ಸೆಪ್ಟೆಂಬರ್ 19ರಂದು ಅಧ್ಯಕ್ಷರು ತೀರಿಕೊಂಡ ಮೇಲೆ ನಡೆದ ಪರೀಕ್ಷೆಯಲ್ಲಿ ಅದು ಎಡಗಡೆ ದೊರೆಯಿತು. ಅದೇನೇ ಇರಲಿ, ಬೇಕಾದ ಒಂದು ಲೋಹ ಬೇಡವಾದ ಹಲವು ಲೋಹಗಳ ನಡುವೆ ಇದ್ದಾಗ ಎಂಥ ಸೂಕ್ಷ್ಮ ಯಂತ್ರವೂ ಕಂಗೆಡುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಲೋಹವು ಉತ್ತರಿಸುವ ಬಗೆ

ಲೋಹಶೋಧಕದ ತಳದಲ್ಲಿರುವ ತಟ್ಟೆಯೊಳಗೆ ತಂತಿಯ ಎರಡು ಸುರುಳಿಗಳಿರುತ್ತವೆ. ಮೊದಲನೆಯದರಲ್ಲಿ ಪರ್ಯಾಯ ವಿದ್ಯುತ್ಪ್ರವಾಹ ಹರಿಯುತ್ತದೆ. ಅದರ ಆವೃತ್ತಿ ಸಾಮಾನ್ಯವಾಗಿ ಸೆಕೆಂಡಿಗೆ ಕೆಲವು ಸಾವಿರದಿಂದ ಕೆಲವು ಹತ್ತು ಸಾವಿರ ಸಲ. ಇದರಿಂದ ನೆಲದೊಳಗೆ ಏರಿಳಿಯುವ ಕಾಂತಕ್ಷೇತ್ರವೊಂದು ಉಂಟಾಗುತ್ತದೆ. ಎರಡನೆಯದು ಕೇಳುವ ಸುರುಳಿ. ಮೊದಲನೆಯ ಸುರುಳಿಯ ನೇರ ಪ್ರಭಾವ ತನ್ನ ಮೇಲೆ ಸೊನ್ನೆಯಾಗುವಂತೆ ಅದನ್ನು ಅದರ ಮೇಲೆ ಸ್ವಲ್ಪ ಅತಿಕ್ರಮಿಸಿ ಇರಿಸಿರುತ್ತಾರೆ. ಆದಕಾರಣ ಸುತ್ತ ಲೋಹವಿಲ್ಲದಿದ್ದರೆ ಅದರಲ್ಲಿ ಏನೂ ಕೇಳಿಸುವುದಿಲ್ಲ.

ಫ್ಯಾರಡೆಯವರು 1831ರಲ್ಲಿ ಕಂಡುಹಿಡಿದ ನಿಯಮದಂತೆ, ಬದಲಾಗುವ ಕಾಂತಕ್ಷೇತ್ರ ಲೋಹದ ತುಂಡಿನೊಳಗೆ ವಿದ್ಯುತ್ತನ್ನು ಪ್ರೇರಿಸುತ್ತದೆ. ನೀರಿನ ಸುಳಿಗಳಂತೆ ವರ್ತುಲವಾಗಿ ಹರಿಯುವ ಈ ಪ್ರವಾಹಗಳಿಗೆ ಸುಳಿಪ್ರವಾಹಗಳೆಂದು ಹೆಸರು. ಅವು ತಮ್ಮದೇ ಆದ ಕಿರಿಯ ಕಾಂತಕ್ಷೇತ್ರವನ್ನು ಹುಟ್ಟಿಸುತ್ತವೆ. ಕೇಳುವ ಸುರುಳಿಗೆ ತಲಪುವ ಉತ್ತರ ಇದೇ.

ಇಲ್ಲಿ ಉತ್ತರದ ಪ್ರಮಾಣ ಮಾತ್ರವಲ್ಲ, ಅದು ಬರುವ ಸಮಯವೂ ಮುಖ್ಯ. ಮೂಲ ಕ್ಷೇತ್ರದ ಏರಿಳಿತಕ್ಕೂ ಉತ್ತರದ ಏರಿಳಿತಕ್ಕೂ ಇರುವ ಹಿಂದುಮುಂದನ್ನು ಪ್ರಾವಸ್ಥೆಯೆನ್ನುತ್ತೇವೆ. ಒಂದು ಪೂರ್ಣ ಏರಿಳಿತವನ್ನು 360 ಡಿಗ್ರಿಯೆಂದು ಎಣಿಸಿ ಇದನ್ನು ಕೋನದಲ್ಲಿ ಅಳೆಯುವುದು ವಾಡಿಕೆ. ಕಬ್ಬಿಣ ತಾನೇ ಅಯಸ್ಕಾಂತವಾಗಿ ಮೂಲ ಕ್ಷೇತ್ರದೊಡನೆ ಬಹುಮಟ್ಟಿಗೆ ಒಟ್ಟಿಗೇ ಏರಿಳಿಯುವುದರಿಂದ ಅದರ ಉತ್ತರ 0 ಡಿಗ್ರಿಯ ಹತ್ತಿರ ಇರುತ್ತದೆ. ಅದರೊಳಗಿನ ಸುಳಿಪ್ರವಾಹಗಳ ದೆಸೆಯಿಂದ ಸ್ವಲ್ಪ ಸರಿಯುತ್ತದೆ. ಕಾಂತಗುಣವಿಲ್ಲದ ಲೋಹದಲ್ಲಿ ಪ್ರೇರಿತವಾದ ವಿದ್ಯುತ್ತಿನ ಒತ್ತಡವೇ 90 ಡಿಗ್ರಿಯಷ್ಟು ಹಿಂದೆ ಬೀಳುತ್ತದೆ. ಅದರ ಮೇಲೆ ಪ್ರವಾಹ ಎಷ್ಟು ಹಿಂದೆ ಬೀಳುತ್ತದೆಂಬುದು ತುಂಡಿನ ಗಾತ್ರ, ದಪ್ಪ ಮತ್ತು ವಾಹಕತೆಗಳನ್ನು ಅವಲಂಬಿಸಿದೆ. ತೆಳುವಾದ ಹಾಳೆಯ ಚೂರಿನಲ್ಲಿ ಪ್ರವಾಹ ಬೇಗ ಸತ್ತುಹೋಗುವುದರಿಂದ ಅದರ ಉತ್ತರ 90ನ್ನು ಸ್ವಲ್ಪವೇ ದಾಟುತ್ತದೆ. ದಪ್ಪನಾದ ಬೆಳ್ಳಿಯ ನಾಣ್ಯದಲ್ಲಿ ಪ್ರವಾಹ ಹೆಚ್ಚು ಕಾಲ ಉಳಿಯುವುದರಿಂದ ಉತ್ತರ 180ರ ಸಮೀಪಕ್ಕೆ ಹೋಗುತ್ತದೆ. ಹೀಗೆ 0ಯಿಂದ 180ರ ವರೆಗಿನ ಒಂದು ಸಾಲಿನಲ್ಲಿ ಮೊದಲು ಕಬ್ಬಿಣ, ಅನಂತರ ತೆಳು ಹಾಳೆ, ಆಮೇಲೆ ಮಧ್ಯಮ ತುಂಡುಗಳು, ಕೊನೆಗೆ ತಾಮ್ರ ಬೆಳ್ಳಿಗಳ ದಪ್ಪ ನಾಣ್ಯಗಳು ಕುಳಿತಿವೆಯೆಂದು ತಿಳಿಯಬಹುದು.

ವಿವೇಚನೆ ಎಂಬ ಗುಂಡಿ

ಈ ಸಾಲನ್ನು ಆಧರಿಸಿ ಕೆಲಸ ಮಾಡುವ ಗುಂಡಿಗೆ ವಿವೇಚನೆಯೆಂದು ಹೆಸರು. ಅದನ್ನು ಒಂದು ಕೋನಕ್ಕೆ ಹೊಂದಿಸಿದರೆ ಅದಕ್ಕಿಂತ ಕೆಳಗಿನ ಉತ್ತರಗಳೆಲ್ಲವೂ ಮೌನವಾಗುತ್ತವೆ. ಬೇಕಾದಲ್ಲಿ ನಡುವಿನ ಒಂದು ತುಂಡನ್ನು ಮಾತ್ರ ಕತ್ತರಿಸಿ ತೆಗೆಯುವ ಏರ್ಪಾಟೂ ಇದೆ.

ಹೆಸರು ವಿವೇಚನೆಯಾದರೂ ಈ ಗುಂಡಿಗೆ ವಸ್ತುವಿನ ಅರಿವಿಲ್ಲ. ಕೋನದ ಅರಿವು ಮಾತ್ರ ಇದೆ. ಜರಡಿಯ ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಅಕ್ಕಿಗಿಂತ ಸಣ್ಣದಾದ ನುಚ್ಚನ್ನೂ ದೂಳನ್ನೂ ಜರಡಿ ಬೇರ್ಪಡಿಸಬಲ್ಲದು. ಆದರೆ ಅಕ್ಕಿಯಷ್ಟೇ ಗಾತ್ರದ ಕಲ್ಲು ಅಕ್ಕಿಯೊಡನೆಯೇ ಉಳಿಯುತ್ತದೆ, ಅಕ್ಕಿಯಷ್ಟಿಲ್ಲದ ಒಳ್ಳೆಯ ಕಾಳು ದೂಳಿನೊಡನೆ ಕೆಳಗೆ ಬೀಳುತ್ತದೆ. ಜರಡಿ ನೋಡುವುದು ಗಾತ್ರವೊಂದನ್ನೇ. ಅದೇ ರೀತಿ, ತೆಳುವಾದ ಚಿನ್ನದ ಉಂಗುರಕ್ಕೂ ಅಲ್ಯೂಮಿನಿಯಮ್ ಡಬ್ಬಿಯ ಕೀಳುವ ಉಂಗುರಕ್ಕೂ ಕೋನ ಒಂದೇ ಆಗಬಹುದು. ಚಿನ್ನದ ರೋಧಶೀಲತೆ ಸುಮಾರು 2.4, ಅಲ್ಯೂಮಿನಿಯಮಿನದು ಸುಮಾರು 2.7, ಎರಡೂ ಓಮ್-ಮೀಟರಿನ ಹತ್ತು ಕೋಟಿಯ ಒಂದು ಪಾಲಿನ ಮಾನದಲ್ಲಿ. ಇಷ್ಟು ಹತ್ತಿರದ ಲೋಹಗಳು ಒಂದೇ ಗಾತ್ರದಲ್ಲಿದ್ದರೆ ಸುಳಿಪ್ರವಾಹ ಅವನ್ನು ಹೇಗೆ ತಾನೇ ಬೇರ್ಪಡಿಸೀತು? ಅಲ್ಯೂಮಿನಿಯಮ್ ಕಸವನ್ನು ಅಡಗಿಸಿದವನು ಚಿನ್ನದ ಉಂಗುರವನ್ನೂ ಅಡಗಿಸಿದಂತಾಯಿತು.

ಇದಕ್ಕೆ ವಿರುದ್ಧವಾದ ಮೋಸವೂ ಉಂಟು. ಸೀಸೆಯ ಉಕ್ಕಿನ ಮುಚ್ಚಳ ಅಗಲವಾಗಿ ತೆಳುವಾಗಿರುವುದರಿಂದ ಅದರಲ್ಲಿ ಸುಳಿಪ್ರವಾಹಗಳು ಬಲವಾಗಿ ಹರಿಯುತ್ತವೆ. ಕಬ್ಬಿಣವಾಗಿದ್ದೂ ಅದು ನಾಣ್ಯದ ಕೋನದಲ್ಲಿ ಉತ್ತರ ಕೊಡಬಲ್ಲದು. ನಮ್ಮ ದೇಶದ ನಾಣ್ಯಗಳದು ಇನ್ನೊಂದು ಸ್ವಾರಸ್ಯ. ಈಚಿನ 1 ರೂಪಾಯಿಯ ನಾಣ್ಯವನ್ನು ಅಯಸ್ಕಾಂತದ ಬಳಿ ಹಿಡಿದು ನೋಡಿರಿ, ಅದು ಅಂಟಿಕೊಳ್ಳುತ್ತದೆ. ಕಾಂತಗುಣವುಳ್ಳ ತುಕ್ಕುರಹಿತ ಉಕ್ಕಿನಿಂದ ಮಾಡಿದ ಈ ನಾಣ್ಯ ಬೆಳ್ಳಿ ತಾಮ್ರಗಳ ಸ್ಥಾನದಲ್ಲಿ ಕುಳಿತುಕೊಳ್ಳಲಾರದು.

ಮೊಳೆಯ ಮರೆಯಲ್ಲಿ ನಾಣ್ಯ

ಇದಕ್ಕಿಂತ ಗಂಭೀರವಾದ ತೊಡಕು, ಮೊಳೆಯೂ ನಾಣ್ಯವೂ ಒಟ್ಟಿಗೆ ತಟ್ಟೆಯ ಅಡಿಗೆ ಬಂದಾಗ ಉಂಟಾಗುತ್ತದೆ. ಕೇಳುವ ಸುರುಳಿಗೆ ಎರಡು ಉತ್ತರಗಳು ಬೇರೆಬೇರೆಯಾಗಿ ತಲಪುವುದಿಲ್ಲ. ಅವುಗಳ ಮೊತ್ತ ಮಾತ್ರ ತಲಪುತ್ತದೆ. ಮತ್ತು ಈ ಮೊತ್ತ ಬಲಗಳ ಸಂಕಲನದಂತೆ ದಿಕ್ಕನ್ನು ಲೆಕ್ಕಿಸಿ ಆಗತಕ್ಕದ್ದು.

ಒಂದು ಲೆಕ್ಕ ಮಾಡೋಣ. ನಾಣ್ಯದ ಉತ್ತರ 4 ಮಾನ, 170 ಡಿಗ್ರಿಯಲ್ಲಿ. ಮೊಳೆಯ ಉತ್ತರ 6 ಮಾನ, 20 ಡಿಗ್ರಿಯಲ್ಲಿ ಎಂದಿಟ್ಟುಕೊಳ್ಳೋಣ. ಇವುಗಳನ್ನು ಎರಡು ಲಂಬ ದಿಕ್ಕುಗಳಲ್ಲಿ ಬಿಡಿಸಿದರೆ, ಮೊದಲನೆಯ ದಿಕ್ಕಿನಲ್ಲಿ ನಾಣ್ಯದ ಪಾಲು ಋಣ 3.94, ಮೊಳೆಯದು ಧನ 5.64, ಎರಡನೆಯ ದಿಕ್ಕಿನಲ್ಲಿ ಕ್ರಮವಾಗಿ 0.69 ಮತ್ತು 2.05. ಕೂಡಿಸಿದಾಗ 1.70 ಮತ್ತು 2.74 ಬರುತ್ತದೆ. ಅಂದರೆ ಒಟ್ಟು ಉತ್ತರದ ಪ್ರಮಾಣ ಸುಮಾರು 3.2, ಕೋನ ಸುಮಾರು 58 ಡಿಗ್ರಿ. ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಒಟ್ಟು ಉತ್ತರ ಮೊಳೆಯ ಉತ್ತರಕ್ಕಿಂತಲೂ ನಾಣ್ಯದ ಉತ್ತರಕ್ಕಿಂತಲೂ ಕಡಿಮೆ. ಎರಡನೆಯದು, ಅದರ ಕೋನ 90ಕ್ಕಿಂತ ಕೆಳಗೆ, ಕಬ್ಬಿಣದ ಪ್ರದೇಶದಲ್ಲಿಯೇ ಇದೆ. ಕಬ್ಬಿಣವನ್ನು ಅಡಗಿಸಿರುವ ಯಂತ್ರ ಈ ಜಾಗದಲ್ಲಿ ಮೌನವಾಗಿಯೇ ಇರುತ್ತದೆ. ಹುಡುಕುವವನು ಅಲ್ಲಿ ಏನೂ ಇಲ್ಲವೆಂದು ಮುಂದೆ ಸಾಗುತ್ತಾನೆ. ಮೌನವೆಂದರೆ ಶೂನ್ಯವಲ್ಲ, ಯಂತ್ರ ಕೇಳಿದುದನ್ನು ನಮಗೆ ಹೇಳದಿರುವುದು ಎಂದು ಇದರ ತಾತ್ಪರ್ಯ.

ಕೇಳುವ ಗುಂಡಿ, ಹೇಳುವ ಗುಂಡಿ

ಮೇಲಿನ ಲೆಕ್ಕದಿಂದ ಒಂದು ಮುಖ್ಯವಾದ ಭೇದ ಸ್ಪಷ್ಟವಾಗುತ್ತದೆ. ಲೋಹಶೋಧಕದ ಹೊಂದಿಕೆಗಳು ಎರಡು ಜಾತಿಯವು. ಸುರುಳಿಯ ಗಾತ್ರ, ಆವೃತ್ತಿ, ತಟ್ಟೆಯನ್ನು ಬೀಸುವ ವೇಗ, ಚೇತರಿಕೆಯ ಅವಧಿ ಮೊದಲಾದವು ಯಂತ್ರ ಏನನ್ನು ಕೇಳುತ್ತದೆ ಎಂಬುದನ್ನು ಬದಲಾಯಿಸುತ್ತವೆ. ವಿವೇಚನೆ, ನಡುವೆ ಕತ್ತರಿಸುವ ಏರ್ಪಾಟು, ಸಂದೇಹಾಸ್ಪದ ಉತ್ತರವನ್ನು ಕಬ್ಬಿಣವೆಂದೇ ಎಣಿಸುವ ಒಲವು ಮುಂತಾದವು ಯಂತ್ರ ಕೇಳಿದುದರಲ್ಲಿ ಎಷ್ಟನ್ನು ನಮಗೆ ಹೇಳುತ್ತದೆ ಎಂಬುದನ್ನು ಮಾತ್ರ ಬದಲಾಯಿಸುತ್ತವೆ. ಮೊದಲನೆಯ ಜಾತಿಯವನ್ನು ಕೇಳುವ ಗುಂಡಿಗಳೆಂದೂ ಎರಡನೆಯದನ್ನು ಹೇಳುವ ಗುಂಡಿಗಳೆಂದೂ ಕರೆಯೋಣ. ಹೇಳುವ ಗುಂಡಿಯನ್ನು ಎಷ್ಟು ತಿರುಗಿಸಿದರೂ ಯಂತ್ರದ ಅರಿವು ಎಳ್ಳಷ್ಟೂ ಹೆಚ್ಚುವುದಿಲ್ಲ. ಕಸದ ನೆಲದಲ್ಲಿ ಮೊದಲು ಕೈಹಾಕಬೇಕಾದುದು ಕೇಳುವ ಗುಂಡಿಗಳಿಗೆ.

ಸುರುಳಿಯ ಗಾತ್ರ

ಇವುಗಳಲ್ಲಿ ಸುರುಳಿಯದೇ ಮೊದಲ ಸ್ಥಾನ. ಒಂದು ಹೊಲದಲ್ಲಿ ಚದರ ಮೀಟರಿಗೆ 40 ಮೊಳೆಗಳು ಅಡ್ಡಾದಿಡ್ಡಿಯಾಗಿ ಹರಡಿವೆಯೆನ್ನೋಣ. 28 ಸೆಂಟಿಮೀಟರ್ ಅಡ್ಡಳತೆಯ ಸುರುಳಿಯ ವಿಸ್ತೀರ್ಣ ಸುಮಾರು 616 ಚದರ ಸೆಂಟಿಮೀಟರ್. ಅದರ ಅಡಿಯಲ್ಲಿ ಸರಾಸರಿ ಎರಡೂವರೆ ಮೊಳೆಗಳಿರುತ್ತವೆ. 15 ಸೆಂಟಿಮೀಟರಿನ ಸುರುಳಿಯ ವಿಸ್ತೀರ್ಣ ಸುಮಾರು 177. ಅದರ ಅಡಿಯಲ್ಲಿ ಸರಾಸರಿ 0.7 ಮೊಳೆ. ಸಂಭಾವ್ಯತೆಯ ನಿಯಮದಂತೆ ಲೆಕ್ಕ ಹಾಕಿದರೆ, ನಾಣ್ಯದ ಮೇಲೆ ಸುರುಳಿ ನಿಂತ ಕ್ಷಣದಲ್ಲಿ ಅದರಡಿ ಒಂದೂ ಮೊಳೆಯಿಲ್ಲದಿರುವ ಸಂಭವ ದೊಡ್ಡ ಸುರುಳಿಗೆ ನೂರಕ್ಕೆ 8 ಅಥವಾ 9. ಚಿಕ್ಕದಕ್ಕೆ ನೂರಕ್ಕೆ ಸುಮಾರು 49. ಅಡ್ಡಳತೆ ಅರ್ಧದಷ್ಟಾದ ಮಾತ್ರಕ್ಕೆ ನಾಣ್ಯ ಒಂಟಿಯಾಗಿ ಸಿಗುವ ಅವಕಾಶ ಐದು ಪಟ್ಟಿಗಿಂತ ಹೆಚ್ಚಾಯಿತು.

ಇದಕ್ಕೆ ತೆರಬೇಕಾದ ಬೆಲೆ ಆಳ. ವರ್ತುಲ ಸುರುಳಿಯ ಅಕ್ಷದ ಮೇಲಿನ ಕಾಂತಕ್ಷೇತ್ರದ ಸೂತ್ರವನ್ನು ಕಾಲೇಜಿನ ವಿದ್ಯಾರ್ಥಿಗಳು ಬಲ್ಲರು. ಕ್ಷೇತ್ರ ಕೆಳಗಿಳಿಯುವಾಗ ಒಮ್ಮೆ, ಉತ್ತರ ಮೇಲೆ ಬರುವಾಗ ಇನ್ನೊಮ್ಮೆ ಕುಗ್ಗುವುದರಿಂದ ಆ ಸೂತ್ರವನ್ನು ಎರಡು ಸಲ ಅನ್ವಯಿಸಬೇಕು. ಹಾಗೆ ಮಾಡಿದಾಗ, ಸುರುಳಿಯ ಸುತ್ತುಗಳೂ ಪ್ರವಾಹವೂ ಮೊದಲಿನಷ್ಟೇ ಇದ್ದರೆ, ದೊಡ್ಡ ಸುರುಳಿ 20 ಸೆಂಟಿಮೀಟರ್ ಆಳದಲ್ಲಿ ಕಾಣುವ ನಾಣ್ಯವನ್ನು ಚಿಕ್ಕ ಸುರುಳಿ ಸುಮಾರು 14 ಸೆಂಟಿಮೀಟರ್ ಆಳದಲ್ಲಿ ಕಾಣಬಲ್ಲದೆಂದು ತಿಳಿಯುತ್ತದೆ. ಆದರೆ ಮೊಳೆಗಳ ಗದ್ದಲದಲ್ಲಿ ದೊಡ್ಡ ಸುರುಳಿಯ 20 ಸೆಂಟಿಮೀಟರ್ ಬರಿಯ ಹೆಸರಿಗಷ್ಟೆ. ಅದೇ ಸೂತ್ರದ ಪ್ರಕಾರ 5 ಸೆಂಟಿಮೀಟರ್ ಆಳದಲ್ಲಿರುವ ವಸ್ತುವಿನ ಉತ್ತರ, 20ರಲ್ಲಿರುವ ಅಂಥದೇ ವಸ್ತುವಿನ ಉತ್ತರಕ್ಕಿಂತ ಸುಮಾರು 20 ಪಟ್ಟು ಜೋರಾಗಿರುತ್ತದೆ. ಮೇಲಿನ ಕಸ ಕೂಗುತ್ತಿರುವಾಗ ಕೆಳಗಿನ ಪಿಸುಮಾತು ಕೇಳಿಸೀತೆ?

ಸಂವೇದನೆ, ಚೇತರಿಕೆ, ಆವೃತ್ತಿ

ಸಂವೇದನೆಯ ಗುಂಡಿಯನ್ನು ತುತ್ತತುದಿಗೆ ತಿರುಗಿಸಿಡುವುದು ಹೊಸಬರ ಅಭ್ಯಾಸ. ವಾಸ್ತವವಾಗಿ ಸಂವೇದನೆಯನ್ನು ಅರ್ಧಕ್ಕೆ ಇಳಿಸಿದರೆ ಆಳವೂ ಅರ್ಧವಾಗುವುದಿಲ್ಲ. ಮೇಲಿನ ಉದಾಹರಣೆಯ ದೊಡ್ಡ ಸುರುಳಿಯಲ್ಲಿ 20 ಸೆಂಟಿಮೀಟರ್ ಇದ್ದ ವ್ಯಾಪ್ತಿ 16.6ಕ್ಕೆ ಇಳಿಯುತ್ತದೆ, ಅಷ್ಟೆ. ದೂರ ಹೆಚ್ಚಿದಂತೆ ಉತ್ತರ ಅತಿ ಶೀಘ್ರವಾಗಿ ಕುಗ್ಗುವುದೇ ಇದರ ಕಾರಣ. ಕೆಲವು ಅಂಗುಲದ ಆಳವನ್ನು ಬಿಟ್ಟುಕೊಟ್ಟರೆ ಮಣ್ಣಿನ ಗುಜುಗುಜು, ಸಮೀಪದ ವಿದ್ಯುತ್ ತಂತಿಗಳ ತೊಂದರೆ, ಅತಿಸೂಕ್ಷ್ಮ ಚೂರುಗಳ ಚಿಟಿಚಿಟಿ ಎಲ್ಲವೂ ಬಹುಮಟ್ಟಿಗೆ ಇಳಿಯುತ್ತವೆ. ಕಿವಿಗೆ ದೊರೆಯುವ ನೆಮ್ಮದಿಗೆ ಇದು ದುಬಾರಿಯಾದ ಬೆಲೆಯಲ್ಲ.

ಒಂದು ವಸ್ತುವಿಗೆ ಪ್ರತಿಕ್ರಿಯೆ ತೋರಿದ ಮೇಲೆ ಯಂತ್ರದ ಮಂಡಲಗಳು ಮತ್ತೆ ಸಮಸ್ಥಿತಿಗೆ ಬರಲು ಸ್ವಲ್ಪ ಕಾಲ ಹಿಡಿಯುತ್ತದೆ. ಇದು ಚೇತರಿಕೆಯ ಅವಧಿ. ತಟ್ಟೆಯನ್ನು ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಬೀಸಿದರೆ, 8 ಸೆಂಟಿಮೀಟರ್ ಅಂತರದಲ್ಲಿರುವ ಮೊಳೆಗೂ ನಾಣ್ಯಕ್ಕೂ ನಡುವಣ ಕಾಲ ಸೆಕೆಂಡಿನ ಸಾವಿರದ 80 ಭಾಗ. ಚೇತರಿಕೆಗೆ ಸಾವಿರದ 120 ಭಾಗ ಬೇಕಾದರೆ ಮೊಳೆಯ ನೆರಳಿನಲ್ಲಿ ನಾಣ್ಯ ಮುಚ್ಚಿಹೋಗುತ್ತದೆ. ಅವಧಿಯನ್ನು ಸಾವಿರದ 50 ಭಾಗಕ್ಕೆ ಇಳಿಸಿದರೆ ಎರಡು ಧ್ವನಿಗಳು ಬಿಡಿಬಿಡಿಯಾಗಿ ಕೇಳುವ ಅವಕಾಶವುಂಟು. ಅವಧಿಯನ್ನು ಬದಲಿಸದೆ ತಟ್ಟೆಯನ್ನೇ ಅರ್ಧ ವೇಗದಲ್ಲಿ ಬೀಸಿದರೂ ನಡುವಣ ಕಾಲ 160 ಭಾಗವಾಗಿ ಅದೇ ಫಲ ದೊರೆಯುತ್ತದೆ. ಅತಿ ಅಲ್ಪಾವಧಿಯಲ್ಲಿ ಮುಗಿಸುವ ಯಂತ್ರ ಗದ್ದಲವನ್ನು ಸರಾಸರಿ ಮಾಡಿ ಕಳೆಯಲಾರದಾದ್ದರಿಂದ ಇಲ್ಲಿಯೂ ಸ್ವಲ್ಪ ಆಳವನ್ನು ತೆರಬೇಕಾಗುತ್ತದೆ.

ಆವೃತ್ತಿಯ ವಿಷಯ ಹೀಗಿದೆ. ತೆಳುವಾದ ಸಣ್ಣ ಚೂರಿನಲ್ಲಿ ಪ್ರವಾಹ ಸೆಕೆಂಡಿನ ಹತ್ತು ಲಕ್ಷದ 5 ಭಾಗದಲ್ಲಿ ಕುಗ್ಗುತ್ತದೆಂದು ಎಣಿಸಿದರೆ, ಆವೃತ್ತಿಯನ್ನು 5 ಸಾವಿರದಿಂದ 40 ಸಾವಿರಕ್ಕೆ ಏರಿಸಿದಾಗ ಅದರ ಉತ್ತರ ಐದು ಪಟ್ಟಾಗುತ್ತದೆ. ದಪ್ಪ ನಾಣ್ಯದ ಉತ್ತರವಾದರೋ ಹೆಚ್ಚೇನೂ ಬದಲಾಗದು. ಸಣ್ಣ ಚಿನ್ನದ ಚೂರು ಬೇಕಾದವನು ಮೇಲಿನ ಆವೃತ್ತಿಯನ್ನು ಆರಿಸುವುದು ಸಹಜ. ಆದರೆ ಹಾಳೆಯ ಚೂರುಗಳೂ ಅದರೊಡನೆ ಎಚ್ಚರಗೊಳ್ಳುತ್ತವೆ. ಹಾಳೆಯೇ ತುಂಬಿದ ನೆಲದಲ್ಲಿ ದಪ್ಪ ಬೆಳ್ಳಿ ನಾಣ್ಯಗಳನ್ನು ಹುಡುಕುವವನಿಗೆ ಕೆಳಗಿನ ಆವೃತ್ತಿಯೇ ಅನುಕೂಲ. ಹಲವು ಆವೃತ್ತಿಗಳಲ್ಲಿ ಏಕಕಾಲಕ್ಕೆ ಕೇಳುವ ಇಂದಿನ ಯಂತ್ರಗಳು ಈ ತೊಡಕನ್ನು ಸ್ವಲ್ಪಮಟ್ಟಿಗೆ ಸಡಿಲಿಸಿವೆ.

ಹೊಂದಿಸುವ ಕ್ರಮ

ಇಷ್ಟು ತಿಳಿದ ಮೇಲೆ ಕ್ರಮ ತಾನಾಗಿಯೇ ಗೋಚರವಾಗುತ್ತದೆ.

ಮೊದಲು ಮಣ್ಣಿನ ಸಮತೋಲ. ಮಣ್ಣಿನಲ್ಲಿರುವ ಕಬ್ಬಿಣದ ಖನಿಜಗಳೂ ಉತ್ತರ ಕೊಡುತ್ತವೆ. ತಟ್ಟೆಯನ್ನು ನೆಲದ ಮೇಲೆ ಎತ್ತಿ ಇಳಿಸುತ್ತ ಧ್ವನಿಯಲ್ಲಿ ಏರಿಳಿತ ಕಾಣದಂತೆ ಹೊಂದಿಸಬೇಕು. ಇದಕ್ಕಾಗಿ ಲೋಹವಿಲ್ಲದ ಜಾಗವನ್ನು ತಾಳ್ಮೆಯಿಂದ ಹುಡುಕತಕ್ಕದ್ದು. ಹೂತ ಮೊಳೆಯ ಮೇಲೆ ಸಮತೋಲ ಮಾಡಿದರೆ ಮುಂದಿನದೆಲ್ಲವೂ ತಪ್ಪುತ್ತದೆ.

ಎರಡನೆಯದಾಗಿ, ಚಿಕ್ಕ ಸುರುಳಿಯನ್ನು ಜೋಡಿಸಿ, ಹುಡುಕುವ ವಸ್ತುವಿಗೆ ತಕ್ಕ ಆವೃತ್ತಿಯನ್ನು ಆರಿಸಬೇಕು. ಮೂರನೆಯದಾಗಿ, ತಟ್ಟೆ ನಿಶ್ಚಲವಾಗಿರುವಾಗ ಯಂತ್ರ ಶಾಂತವಾಗಿರುವಷ್ಟಕ್ಕೆ ಸಂವೇದನೆಯನ್ನು ಇಳಿಸಬೇಕು. ನಾಲ್ಕನೆಯದಾಗಿ, ಚೇತರಿಕೆಯನ್ನು ಚುರುಕುಗೊಳಿಸಿ, ತಟ್ಟೆಯನ್ನು ನಿಧಾನವಾಗಿ, ಒಂದು ಬೀಸು ಇನ್ನೊಂದನ್ನು ಅರ್ಧ ಮುಚ್ಚುವಂತೆ ಆಡಿಸಬೇಕು.

ವಿವೇಚನೆಯ ಸರದಿ ಬರುವುದು ಕೊನೆಗೆ. ಅದನ್ನು ಆದಷ್ಟು ಕಡಿಮೆಯಲ್ಲಿ ಇಡುವುದು ಮೇಲು. ಕಬ್ಬಿಣಕ್ಕೆ ಮೌನದ ಬದಲು ಮಂದ್ರವಾದ ಒಂದು ಸ್ವರವನ್ನೂ ಉಳಿದ ಲೋಹಗಳಿಗೆ ತಾರಸ್ವರವನ್ನೂ ಕೊಡುವ ಏರ್ಪಾಟು ಇಂದಿನ ಬಹುಪಾಲು ಯಂತ್ರಗಳಲ್ಲಿದೆ. ಆಗ ಕಿವಿ ತಾನೇ ವಿವೇಚನೆ ಮಾಡುತ್ತದೆ. ಮಂದ್ರದ ನಡುವೆ ಒಮ್ಮೆ ಮುರಿದು ಬಂದ ತಾರಸ್ವರ ನಾಣ್ಯದ ಸುಳಿವಾಗಿರಬಹುದು. ಅಂಥಲ್ಲಿ 90 ಡಿಗ್ರಿ ತಿರುಗಿ ನಿಂತು ಅಡ್ಡಲಾಗಿ ಬೀಸಿ ನೋಡಬೇಕು. ದುಂಡಗಿನ ನಾಣ್ಯ ಎಲ್ಲ ಕಡೆಯಿಂದಲೂ ಒಂದೇ ರೀತಿ ಉತ್ತರಿಸುತ್ತದೆ. ನೀಳವಾದ ಮೊಳೆ ದಿಕ್ಕು ಬದಲಾದೊಡನೆ ಮಾತು ಬದಲಾಯಿಸುತ್ತದೆ.

ಒಂದು ಪ್ರಯೋಗ

ಕಾಲೇಜಿನ ಪ್ರಯೋಗಶಾಲೆಯಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಎನಾಮಲ್ ಲೇಪದ ತಾಮ್ರದ ತಂತಿಯಿಂದ 20 ಸೆಂಟಿಮೀಟರ್ ಅಡ್ಡಳತೆಯ, ನೂರು ಸುತ್ತುಗಳ ಎರಡು ಸುರುಳಿಗಳನ್ನು ಮಾಡಿರಿ. ಒಂದಕ್ಕೆ ಆಂದೋಲಕದಿಂದ 5 ಸಾವಿರ ಆವೃತ್ತಿಯ ಪ್ರವಾಹವನ್ನು ಕೊಡಿರಿ. ಇನ್ನೊಂದನ್ನು ಆಸಿಲೋಸ್ಕೋಪಿಗೆ ಸೇರಿಸಿರಿ. ಮರದ ಮೇಜಿನ ಮೇಲೆ ಒಂದರ ಮೇಲೊಂದು ಸರಿಸುತ್ತ ಹೋದರೆ ಒಂದು ಸ್ಥಾನದಲ್ಲಿ ತೆರೆಯ ಮೇಲಿನ ಅಲೆ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಬೆಲ್ ಅವರ ತುಲಾಯಂತ್ರದ ತತ್ತ್ವ ಇದೇ. ಈಗ ಸುರುಳಿಗಳು ಅತಿಕ್ರಮಿಸಿರುವ ಭಾಗದ ಮೇಲೆ ಮೊಳೆಗಳ ಒಂದು ಕಟ್ಟನ್ನು ಹಿಡಿದು ಅಲೆಯ ಸ್ಥಾನವನ್ನು ಗುರುತಿಸಿಕೊಳ್ಳಿರಿ. ಅನಂತರ ಅದೇ ಜಾಗದಲ್ಲಿ ತಾಮ್ರದ ಬಿಲ್ಲೆಯೊಂದನ್ನು ಹಿಡಿಯಿರಿ. ಅಲೆ ಬಹುಪಾಲು ತಲೆಕೆಳಗಾಗುತ್ತದೆ. ಕೊನೆಗೆ ಎರಡನ್ನೂ ಒಟ್ಟಿಗೆ ಹಿಡಿದು ದೂರವನ್ನು ಸ್ವಲ್ಪ ಸ್ವಲ್ಪವೇ ಹೊಂದಿಸಿರಿ. ಎರಡು ಲೋಹಗಳು ಎದುರಿಗಿದ್ದರೂ ಅಲೆ ತೀರ ಸಣ್ಣದಾಗುವ ಸ್ಥಾನವೊಂದು ದೊರೆಯುತ್ತದೆ. ಮೊಳೆಯ ಮರೆಯಲ್ಲಿ ನಾಣ್ಯ ಅಡಗುವ ಬಗೆಗೆ ಇದಕ್ಕಿಂತ ಪ್ರತ್ಯಕ್ಷ ಪ್ರಮಾಣವಿಲ್ಲ.

ಕಸ ಯಾವುದು?

ಇಷ್ಟು ಹೊತ್ತು ಕಬ್ಬಿಣವನ್ನು ಕಸವೆಂದೇ ಎಣಿಸಿದೆವು. ಅದು ಸದಾ ಸತ್ಯವಲ್ಲ. 1992ರ ನವೆಂಬರ್ 16ರಂದು ಇಂಗ್ಲೆಂಡಿನ ಸಫಕ್ ಪ್ರಾಂತದ ಹಾಕ್ಸನ್ ಗ್ರಾಮದಲ್ಲಿ ರೈತನೊಬ್ಬ ಕಳೆದುಕೊಂಡಿದ್ದ ಸುತ್ತಿಗೆಯನ್ನು ಹುಡುಕಿಕೊಡಲು ಅವನ ಗೆಳೆಯ ಲೋಹಶೋಧಕ ಹಿಡಿದು ಹೊಲಕ್ಕಿಳಿದ. ಸುತ್ತಿಗೆಯನ್ನು ಹುಡುಕುವವನಿಗೆ ಕಬ್ಬಿಣ ಕಸವಲ್ಲ. ಅಂದು ಅಲ್ಲಿ ದೊರೆತದ್ದು ರೋಮನ್ ಕಾಲದ ನಿಧಿ: ಸುಮಾರು 15,000 ಚಿನ್ನ ಬೆಳ್ಳಿಯ ನಾಣ್ಯಗಳು ಮತ್ತು ಆಭರಣಗಳು. ಆತ ಅಗೆಯುವುದನ್ನು ನಿಲ್ಲಿಸಿ ಸುದ್ದಿ ಮುಟ್ಟಿಸಿದ್ದರಿಂದ ಪುರಾತತ್ತ್ವಜ್ಞರು ಉಳಿದುದನ್ನು ಇದ್ದ ಸ್ಥಿತಿಯಲ್ಲಿಯೇ ಪರಿಶೀಲಿಸಿ ತೆಗೆಯಲು ಸಾಧ್ಯವಾಯಿತು. ಸುತ್ತಿಗೆಯೂ ಸಿಕ್ಕಿತು, ನಿಧಿಯೊಡನೆ ಅದೂ ಬ್ರಿಟಿಷ್ ಮ್ಯೂಸಿಯಮ್ಮಿಗೆ ಸೇರಿತು. ನಮ್ಮ ದೇಶದಲ್ಲಿ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯ ಪ್ರಕಾರ ರಕ್ಷಿತ ಸ್ಥಳಗಳಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧವೆಂಬುದನ್ನು ಓದುಗರು ಇಲ್ಲಿ ನೆನಪಿಡಬೇಕು.

ಪ್ರಾಣದ ಪ್ರಶ್ನೆ

ನಾಣ್ಯ ಹುಡುಕುವವನು ಒಂದು ನಾಣ್ಯವನ್ನು ಬಿಟ್ಟರೆ ನಷ್ಟ ಅಲ್ಪ. ಆದರೆ ಹೂತಿಟ್ಟ ನೆಲಬಾಂಬನ್ನು ಹುಡುಕುವವನ ಗತಿಯೇನು? ಲೋಹಶೋಧಕ ಈ ಕೆಲಸಕ್ಕೆ ದೊಡ್ಡ ಪ್ರಮಾಣದಲ್ಲಿ ಇಳಿದದ್ದು ಎರಡನೆಯ ಮಹಾಯುದ್ಧದಲ್ಲಿ. ಪೋಲೆಂಡಿನ ಯೋಸೆಫ್ ಕೊಸಾಟ್ಸ್‌ಕಿ ನಿರ್ಮಿಸಿದ ಶೋಧಕಗಳನ್ನು 1942ರ ಎಲ್ ಅಲಮೇನ್ ಕಾಳಗದಲ್ಲಿ ಬಳಸಲಾಯಿತು. ಯುದ್ಧಗಳು ಮುಗಿದ ಮೇಲೂ ಬಾಂಬುಗಳು ನೆಲದಲ್ಲಿ ಉಳಿಯುತ್ತವೆ. ಅವುಗಳ ಸುತ್ತ ಗುಂಡುಗಳ, ಸಿಡಿಚೂರುಗಳ ಕಸವೂ ಉಳಿಯುತ್ತದೆ. ಕಾಂಬೋಡಿಯದಲ್ಲಿ 1992ರಿಂದ 1998ರ ವರೆಗೆ ನೆಲದಿಂದ ಹೊರತೆಗೆದ ಸುಮಾರು 20 ಕೋಟಿ ವಸ್ತುಗಳಲ್ಲಿ ನೆಲಬಾಂಬುಗಳೂ ಇತರ ಸ್ಫೋಟಕಗಳೂ ಸೇರಿ ಸುಮಾರು 5 ಲಕ್ಷ ಮಾತ್ರ. ಅಂದರೆ ಒಂದು ಅಪಾಯದ ವಸ್ತುವಿಗೆ ಸುಮಾರು 400 ಕಸದ ತುಣುಕುಗಳು. ಪ್ರತಿಯೊಂದು ತುಣುಕನ್ನೂ ಬಾಂಬೆಂದೇ ಭಾವಿಸಿ ಮೊಣಕಾಲೂರಿ ಮೆಲ್ಲಮೆಲ್ಲನೆ ಬಿಡಿಸಿದವರ ಶ್ರಮವನ್ನು ಈ ಅಂಕಿಗಳ ಹಿಂದೆ ಕಾಣಬೇಕು.

ಇಲ್ಲಿ ವಿವೇಚನೆಯ ಗುಂಡಿಯನ್ನು ತಿರುಗಿಸಿದರೆ ಏನಾಗುತ್ತದೆ? ಹತ್ತರಲ್ಲಿ ಒಂಬತ್ತು ಪಾಲು ಕಸವನ್ನು ಅಡಗಿಸಿ, ನೂರು ಬಾಂಬುಗಳಲ್ಲಿ ಒಂದನ್ನು ಮಾತ್ರ ಮರೆಸುವ ಹೊಂದಿಕೆಯೊಂದು ದೊರೆಯಿತೆನ್ನೋಣ. ಮೇಲುನೋಟಕ್ಕೆ ಇದು ಬಲು ಲಾಭದ ವ್ಯಾಪಾರ. ಆದರೆ 5 ಲಕ್ಷದಲ್ಲಿ ನೂರಕ್ಕೊಂದು ಎಂದರೆ 5,000. ಅಷ್ಟು ಸ್ಫೋಟಕಗಳು ರೈತರು ಉಳುವ, ಮಕ್ಕಳು ಓಡಾಡುವ ನೆಲದಲ್ಲಿ, ಸುರಕ್ಷಿತವೆಂದು ಘೋಷಿಸಿದ ನೆಲದಲ್ಲಿ, ಉಳಿದುಬಿಡುತ್ತವೆ. ಹಲವು ಬಾಂಬುಗಳು ಪ್ಲಾಸ್ಟಿಕಿನವಾಗಿದ್ದು ಅವುಗಳಲ್ಲಿರುವ ಲೋಹ ಒಂದು ಸಣ್ಣ ಸೂಜಿಯಷ್ಟೇ ಎಂಬುದನ್ನು ನೆನೆದರೆ ಅಪಾಯ ಇನ್ನೂ ಸ್ಪಷ್ಟವಾಗುತ್ತದೆ. ಆದುದರಿಂದಲೇ ಈ ಕೆಲಸದಲ್ಲಿ ಸಾಮಾನ್ಯವಾಗಿ ಪ್ರತಿಯೊಂದು ಧ್ವನಿಯನ್ನೂ ಪರೀಕ್ಷಿಸಲೇಬೇಕೆಂಬ ನಿಯಮವಿದೆ.

ಹಾಗಾದರೆ ಶ್ರಮವನ್ನು ಇಳಿಸುವ ದಾರಿಯೇ ಇಲ್ಲವೆ? ಇದೆ, ಆದರೆ ಅದು ಗುಂಡಿಯಲ್ಲಿಲ್ಲ. ಅಕ್ಕಿಯಷ್ಟೇ ಗಾತ್ರದ ಕಲ್ಲನ್ನು ಜರಡಿ ಬೇರ್ಪಡಿಸಲಾರದಾಗ ನಮ್ಮ ಹೆಂಗಸರು ಜರಡಿಯ ಕಣ್ಣನ್ನು ಬದಲಿಸುತ್ತ ಕೂರುವುದಿಲ್ಲ, ಮೊರವನ್ನು ಎತ್ತಿಕೊಳ್ಳುತ್ತಾರೆ. ಮೊರ ಗಾತ್ರವನ್ನಲ್ಲ, ತೂಕವನ್ನು ನೋಡುತ್ತದೆ. ಹಾಗೆಯೇ ಇಲ್ಲಿಯೂ ಬೇರೆ ಬಗೆಯ ಅರಿವು ಬೇಕು. ಲೋಹಶೋಧಕದೊಡನೆ ನೆಲವನ್ನು ಭೇದಿಸುವ ರೇಡಾರನ್ನು ಸೇರಿಸಿದರೆ ಲೋಹದ ಜೊತೆಗೆ ವಸ್ತುವಿನ ಆಕಾರದ ಸುಳಿವೂ ದೊರೆಯುತ್ತದೆ. ಆಫ್ರಿಕದ ದೊಡ್ಡ ಜಾತಿಯ ಇಲಿಗಳಿಗೆ ಸ್ಫೋಟಕದ ವಾಸನೆಯನ್ನು ಹಿಡಿಯಲು ತರಬೇತು ಕೊಟ್ಟು ಕಾಂಬೋಡಿಯದಲ್ಲಿ ಬಳಸುತ್ತಿದ್ದಾರೆ. ಅವುಗಳಲ್ಲೊಂದಾದ ಮಗಾವಾ ಎಂಬ ಇಲಿಗೆ 2020ರಲ್ಲಿ ಬ್ರಿಟನ್ನಿನ ಪ್ರಾಣಿದಯಾ ಸಂಸ್ಥೆಯೊಂದು ಚಿನ್ನದ ಪದಕವನ್ನಿತ್ತು ಗೌರವಿಸಿತು. ಇಲಿಯ ಮೂಗಿಗೆ ಮೊಳೆ, ತಗಡು, ಮುಚ್ಚಳ ಯಾವುದೂ ಲೆಕ್ಕಕ್ಕಿಲ್ಲ. ಕಸವನ್ನು ಅದು ಅಡಗಿಸುವುದಿಲ್ಲ. ಕಸ ಅದಕ್ಕೆ ಕೇಳಿಸುವುದೇ ಇಲ್ಲ.

ಯಾವುದೇ ಮಾಪನದಲ್ಲಿ ಬೇಡವಾದುದನ್ನು ತೊರೆಯುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಇದರೊಡನೆ ಬೇಕಾದುದು ಎಷ್ಟು ಹೋಗುತ್ತದೆ? ಹೋದರೆ ಅದರ ಬೆಲೆಯನ್ನು ತೆರುವವರು ಯಾರು? ಈ ಪ್ರಶ್ನೆಗಳಿಗೆ ಉತ್ತರ ಕೊಡುವ ಗುಂಡಿ ಯಾವ ಯಂತ್ರದಲ್ಲಿಯೂ ಇಲ್ಲ. ಅದು ಯಂತ್ರವನ್ನು ಹಿಡಿದವರ ವಿವೇಚನೆಗೆ ಸೇರಿದ್ದು.